ಮೇಳ, ಚಿಕ್ಕಮೇಳ, ಅತಿಥಿ ವೇಷ, ಕ್ಲಾಸು: ಯಾವುದರಲ್ಲಿ ಹೊಟ್ಟೆ ತುಂಬುತ್ತದೆ?

ಯಕ್ಷಗಾನದ ತೆಂಕುತಿಟ್ಟಿನಲ್ಲಿ, ಅಂದರೆ ದಕ್ಷಿಣದ ಶೈಲಿಯಲ್ಲಿ, ಸ್ತ್ರೀವೇಷ ಮಾಡಿಕೊಂಡು ಸಂಸಾರ ಸಾಗಿಸಬಹುದಾ ಅಂತ ಹೊಸ ಹುಡುಗರು ಕೇಳುತ್ತಾರೆ. ಸಾಗಿಸಬಹುದು. ಆದರೆ ಒಂದೇ ದಾರಿ ನೆಚ್ಚಿಕೊಂಡು ಅಲ್ಲ. ನಾನು ನಾಲ್ಕನ್ನೂ ಮಾಡಿ ನೋಡಿದವನು. ರಾತ್ರಿಗೆ ಎಷ್ಟು ಸಿಗುತ್ತದೆ ಅನ್ನೋದೊಂದನ್ನೇ ಇಟ್ಟುಕೊಂಡು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ದುಡ್ಡು ಯಾವ ತಿಂಗಳಲ್ಲಿ ಕೈಗೆ ಬರುತ್ತದೆ, ಅದಕ್ಕೆ ಮೈ ಎಷ್ಟು ಸವೆಯುತ್ತದೆ ಅನ್ನೋದನ್ನೂ ನೋಡಬೇಕು.

ಮೊದಲು ತಿರುಗಾಟದ ಮೇಳ, ಅಂದರೆ ಊರೂರು ಸುತ್ತಿ ಆಟ ಆಡುವ ತಂಡ. ದೀಪಾವಳಿ ಕಳೆದು ಹೊರಟರೆ ಮೇ ಕೊನೆಯಲ್ಲಿ ಬರುವ ಪತ್ತನಾಜೆಗೇ ಗೆಜ್ಜೆ ಬಿಚ್ಚುವುದು. ನಡುವೆ ಹೆಚ್ಚುಕಮ್ಮಿ ಪ್ರತಿ ರಾತ್ರಿ ಆಟ. ಭಕ್ತರು ಹರಕೆಯಾಗಿ ಆಟ ಆಡಿಸುವ ಹರಕೆ ಮೇಳವಾದರೆ ಜನ ಬರುತ್ತಾರಾ ಇಲ್ವಾ ಅನ್ನೋ ಚಿಂತೆ ಇಲ್ಲ, ಎದುರಿಗೆ ಹತ್ತೇ ಜನ ಕೂತಿದ್ದರೂ ಸೇವೆ ಸೇವೆಯೇ. ಕಟೀಲು ದೇವಸ್ಥಾನದಂಥ ಕಡೆ ಆಟ ಆಡಿಸಲು ಭಕ್ತರು ವರ್ಷಗಟ್ಟಲೆ ಕಾಯುತ್ತಾರೆ. ಬಡಗಿನಲ್ಲಿ, ಅಂದರೆ ಉತ್ತರದ ಶೈಲಿಯಲ್ಲಿ, ಮಂದಾರ್ತಿ ದೇವಸ್ಥಾನ ಒಂದಕ್ಕೇ ಐದು ಮೇಳ. ಹಾಗಾಗಿ ಕೆಲಸ ಗ್ಯಾರಂಟಿ. ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳ ಲೆಕ್ಕ ಬೇರೆ. ಅಲ್ಲಿ ಟಿಕೆಟ್ ಹೋಗಬೇಕು, ಹೊಸ ಪ್ರಸಂಗ ಓಡಬೇಕು, ನಿಮ್ಮ ಹೆಸರಿಗೆ ಜನ ಬರಬೇಕು. ನಾನು ಹರಕೆ ಮೇಳದವನು, ಅದರ ಬಗ್ಗೆ ಮಾತ್ರ ಹೇಳಬಲ್ಲೆ.

ಸಂಬಳ ತಿರುಗಾಟಕ್ಕೆ ಇಷ್ಟು ಅಂತ ಮೊದಲೇ ಮಾತಾಗಿರುತ್ತದೆ. ಊಟ ಆಟ ಆಡಿಸುವವರ ಮನೆಯಲ್ಲಿ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಮಳೆಗಾಲದಲ್ಲಿ ಕೈ ಖಾಲಿ. ಮಗಳ ಶಾಲೆಯ ಫೀಸು ಕಟ್ಟಬೇಕಾದದ್ದು ಸರಿಯಾಗಿ ಜೂನ್‌ನಲ್ಲೇ. ಆಗ ಮುಂದಿನ ತಿರುಗಾಟದ ಮುಂಗಡ ಕೇಳುವುದು, ಅದನ್ನು ಜನವರಿವರೆಗೆ ಕುಣಿದು ತೀರಿಸುವುದು. ನನಗೆ ಗೊತ್ತಿರುವ ಸುಮಾರು ಕಲಾವಿದರದ್ದು ಇದೇ ಪಾಡು. ಇನ್ನೊಂದು ಸಂಗತಿ ನಿದ್ದೆ. ಇಡೀ ರಾತ್ರಿಯ ಆಟವಾದರೆ ಹಗಲು ಬಿಡಾರದಲ್ಲಿ ಮಲಗುತ್ತೇವೆ. ಕಾಲಮಿತಿಯಾದರೆ ಆಟ ಮಧ್ಯರಾತ್ರಿ ಸುಮಾರಿಗೆ ಮುಗಿಯುತ್ತದೆ, ಬಣ್ಣ ತೆಗೆದು ಬೈಕ್ ಹತ್ತಿ ಮನೆಗೆ ಹೊರಡುತ್ತೇವೆ. ಮನೆಯವರ ಮುಖ ನೋಡಬಹುದು ಅನ್ನೋದು ಲಾಭ. ನಿದ್ದೆಗಣ್ಣಲ್ಲಿ ಘಾಟಿ ರಸ್ತೆ ಅನ್ನೋದು ನಷ್ಟ. ಹಾಗೆ ಹೋಗುವಾಗ ಬಿದ್ದು ಕೈಕಾಲು ಮುರಿದುಕೊಂಡವರು, ಜೀವ ಕಳೆದುಕೊಂಡವರು ನಮ್ಮಲ್ಲಿದ್ದಾರೆ.

ಚಿಕ್ಕಮೇಳ ಹುಟ್ಟಿದ್ದೇ ಆ ಖಾಲಿ ತಿಂಗಳುಗಳಿಗೆ. ಹಾಡುವ ಭಾಗವತರು, ಮದ್ದಳೆ, ಶ್ರುತಿ, ತರುಣ ವೀರನ ಒಂದು ಪುಂಡುವೇಷ, ಒಂದು ಸ್ತ್ರೀವೇಷ, ಜೊತೆಗೆ ಒಂದು ಓಮ್ನಿ. ಹಗಲು ಒಬ್ಬ ಹೋಗಿ ಮನೆಮನೆಗೆ ಹೇಳಿ ಬರುತ್ತಾನೆ. ಮುಸ್ಸಂಜೆಗೆ ದೀಪ ಹಚ್ಚಿ, ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ಹೂ ಇಟ್ಟು ಕಾಯುತ್ತಾರೆ. ಸುಧನ್ವ-ಪ್ರಭಾವತಿಯ ತುಣುಕು, ಹತ್ತು-ಹದಿನೈದು ನಿಮಿಷ, ಕಾಣಿಕೆ, ಮುಂದಿನ ಮನೆ.

ಇದನ್ನು ಭಿಕ್ಷೆ ಅಂತ ಮೂಗು ಮುರಿಯುವವರು ನಮ್ಮವರಲ್ಲೇ ಇದ್ದಾರೆ. ಹಾಗೆ ಹೇಳುವವರು ಒಂದು ಸಂಜೆ ಬಂದು ನೋಡಲಿ. ಸೀರೆಯ ಅಂಚು ಕೆಸರಾಗದಂತೆ ಮೊಣಕಾಲಿನವರೆಗೆ ಎತ್ತಿ ಹಿಡಿದು, ಗೆಜ್ಜೆಗೆ ಪ್ಲಾಸ್ಟಿಕ್ ಸುತ್ತಿ, ಒಂದೇ ಕೊಡೆಯಲ್ಲಿ ಇಬ್ಬರು ತೋಟ ದಾಟಬೇಕು. ನಾಯಿ ಕಟ್ಟಿದ್ದಾರಾ ಅಂತ ಮೊದಲು ಕೂಗಿ ಕೇಳಬೇಕು. ಚಾವಡಿಯ ಟೈಲ್ಸ್ ಮೇಲೆ ಒದ್ದೆ ಕಾಲು ಜಾರುತ್ತದೆ, ಹಾರಿ ಸುತ್ತುವ ದಿಗಿಣ ಗಿಗಿಣ ಏನೂ ನಡೆಯಲ್ಲ. ಮುಖದ ಬಣ್ಣ ಬೆವರಿಗಿಂತ ಜಾಸ್ತಿ ಮಳೆಗೇ ಇಳಿಯುತ್ತದೆ. ಆದರೆ ಎರಡು ಮಾರು ದೂರದಲ್ಲಿ ಕೂತ ಅಜ್ಜಿ ಪ್ರತಿ ಮಾತಿಗೂ ತಲೆಯಾಡಿಸುವಾಗ ಮಾತಿನಲ್ಲಿ ಮೋಸ ಮಾಡಲು ಆಗಲ್ಲ. ನನ್ನ ಅರ್ಥಗಾರಿಕೆ, ಅಂದರೆ ಸ್ಥಳದಲ್ಲೇ ಹೊಸೆದು ಆಡುವ ಮಾತು, ಚುರುಕಾಗಿದ್ದು ರಂಗಸ್ಥಳದಲ್ಲಲ್ಲ, ಇಂಥ ಚಾವಡಿಗಳಲ್ಲಿ. ದುಡ್ಡು ಅದೇ ರಾತ್ರಿ ಪಾಲಾಗುತ್ತದೆ, ಸಾಲದ ಮಾತಿಲ್ಲ. ಜೋರು ಮಳೆ ಬಂದ ದಿನ, ಊರಲ್ಲಿ ಸೂತಕ ಬಿದ್ದ ದಿನ ಪೆಟ್ರೋಲ್ ಕಾಸೂ ಹುಟ್ಟಲ್ಲ ಅನ್ನೋದೂ ನಿಜವೇ. ಈಗ ತಂಡಗಳೂ ಜಾಸ್ತಿಯಾಗಿವೆ. ನಿಮಗಿಂತ ಮೊದಲು ಇನ್ನೊಂದು ತಂಡ ಬಂದು ಹೋಗಿದ್ದರೆ ಆ ಬೀದಿ ಮುಗಿದ ಹಾಗೆ.

ಅತಿಥಿ ವೇಷ ಅಂದರೆ ಬೇರೆಯವರ ಆಟಕ್ಕೆ ಕರೆದಾಗ ಹೋಗಿ ಮಾಡುವ ವೇಷ, ಅದಕ್ಕೆ ಸಂಭಾವನೆ ಜಾಸ್ತಿ. ಮೇಳದ ಎರಡು ರಾತ್ರಿಯ ದುಡ್ಡು ಒಂದೇ ವೇಷಕ್ಕೆ ಸಿಗುತ್ತದೆ. ಮಳೆಗಾಲದಲ್ಲಿ ಬೆಂಗಳೂರು, ಮುಂಬೈಗೆ ಆಟಕ್ಕೆ ಹೋಗುವ ಸೆಟ್‌ಗೆ ಸೇರಿಕೊಂಡರೆ ಇನ್ನೂ ಒಳ್ಳೆಯದು. ಹೆಸರಿದ್ದವರಿಗೆ ದುಬೈ ಕೂಡ ದೂರವಲ್ಲ. ಆದರೆ ಕರೆಯುವುದು ಮೇಳದಲ್ಲಿ ನೋಡಿದವರೇ. ಮೇಳ ಬಿಟ್ಟು ಇದೊಂದನ್ನೇ ನಂಬಿ ಕೂತಾಗ ಫೋನು ಬರುವುದು ನಿಧಾನವಾಗಿ ಕಮ್ಮಿಯಾಯಿತು. ಒಂದು ಸಂಘದವರು ಶಾಲು ಹೊದಿಸಿ, ಹಾರ ಹಾಕಿ, ಗಾಜಿನ ಸ್ಮರಣಿಕೆ ಕೊಟ್ಟು ಕವರ್ ಆಮೇಲೆ ಅಂದರು. ಆ ಆಮೇಲೆ ಇನ್ನೂ ಬಂದಿಲ್ಲ.

ಕ್ಲಾಸು ಈ ನಾಲ್ಕರಲ್ಲಿ ಸಪ್ಪೆ, ಆದರೆ ತಿಂಗಳು ತಿಂಗಳು ಬರುವ ದುಡ್ಡು ಅದೊಂದೇ. ಶನಿವಾರ, ಭಾನುವಾರ ಮಕ್ಕಳಿಗೆ ಏಕತಾಳ, ರೂಪಕ. ಹೆಣ್ಣುಮಕ್ಕಳೇ ಜಾಸ್ತಿ, ಅವರೇ ಚೆನ್ನಾಗಿ ಕಲಿಯುವುದು ಕೂಡ. ಮೂರನೇ ಕ್ಲಾಸಿಗೇ ರಂಗಪ್ರವೇಶ ಯಾವಾಗ ಅಂತ ಕೇಳುವ ತಂದೆತಾಯಿಯರನ್ನು ಸಹಿಸುವ ತಾಳ್ಮೆ ಬೇಕು. ವಾರ್ಷಿಕೋತ್ಸವದಲ್ಲಿ ಲಾಭ ಆಗುತ್ತದೆ ಅನ್ನೋದು ಭ್ರಮೆ. ವೇಷಭೂಷಣದ ಬಾಡಿಗೆ, ಹಾಲ್, ಹಿಮ್ಮೇಳ, ಮೈಕು ಕಳೆದರೆ ಉಳಿಯುವುದು ಫೋಟೋ. ಇನ್ನು ಮಂಡಿ. ಇಪ್ಪತ್ತು ಮಕ್ಕಳಿಗೆ ಕುಣಿದು ತೋರಿಸಿದ ಸಂಜೆ ರಾತ್ರಿಯ ಆಟಕ್ಕಿಂತ ಜಾಸ್ತಿ ನೋಯುತ್ತದೆ. ಈಗ ದೊಡ್ಡ ಹುಡುಗಿಯೊಬ್ಬಳನ್ನು ಮುಂದೆ ನಿಲ್ಲಿಸಿ, ನಾನು ಕೂತು ಬಾಯಿತಾಳ ಹೇಳುತ್ತೇನೆ.

ನನ್ನನ್ನು ಕೇಳಿದರೆ, ಇಪ್ಪತ್ತರ ಹುಡುಗ ಕಣ್ಣು ಮುಚ್ಚಿ ಮೇಳ ಸೇರಲಿ. ಉಳಿದ ಮೂರೂ ನಡೆಯುವುದು ಅಲ್ಲಿ ಸಂಪಾದಿಸಿದ ಹೆಸರಿನ ಮೇಲೆ. ಅತಿಥಿ ವೇಷ ಬಂದರೆ ಹಬ್ಬ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಸ್ತ್ರೀವೇಷಕ್ಕೆ ಇನ್ನೊಂದು ಕಷ್ಟ ಇದೆ: ನಲವತ್ತು ದಾಟುವಾಗ ಹೊಟ್ಟೆ ಬರುತ್ತದೆ, ದನಿ ದಪ್ಪವಾಗುತ್ತದೆ, ಮುಖ್ಯ ವೇಷ ಚಿಕ್ಕವರಿಗೆ ಹೋಗುತ್ತದೆ. ಆಮೇಲೆ ಶುರು ಮಾಡೋಣ ಅಂದರೆ ಕ್ಲಾಸಿಗೆ ಮಕ್ಕಳು ಸೇರಲ್ಲ. ಮೂವತ್ತೈದಕ್ಕೇ, ವೇಷಕ್ಕೆ ಬೇಡಿಕೆ ಇರುವಾಗಲೇ ಶುರು ಮಾಡಬೇಕು. ಚಿಕ್ಕಮೇಳವನ್ನಂತೂ ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ಮೇಳ ಎಲ್ಲಕ್ಕಿಂತ ಮುಂದೆ. 58 ತುಂಬಿದ ಮೇಲೆ ಸರ್ಕಾರದ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುವಾಗ ಇಷ್ಟು ವರ್ಷ ಕಲಾಸೇವೆ ಮಾಡಿದ್ದಕ್ಕೆ ದಾಖಲೆ ಬೇಕು. ಚಾವಡಿಯಲ್ಲಿ ಕುಣಿದದ್ದಕ್ಕೆ ಕಾಗದ ಎಲ್ಲಿಂದ ತರುವುದು? ಮೇಳದ ಆಟಕ್ಕಾದರೆ ಕರಪತ್ರ ಇರುತ್ತದೆ, ಹೆಸರು ಅಚ್ಚಾದ ಕರಪತ್ರಗಳನ್ನು ವರ್ಷದ ಪ್ರಕಾರ ಜೋಡಿಸಿ ಫೈಲ್ ಮಾಡಿಕೊಳ್ಳಿ. ನನ್ನ ಹೆಂಡತಿ ಹಳೆಯವನ್ನೆಲ್ಲ ಕಪಾಟಿನ ತಟ್ಟಿಗೆ ಹಾಸಿಬಿಟ್ಟಿದ್ದಳು, ಈಗ ಒಂದೊಂದಾಗಿ ಎಬ್ಬಿಸುತ್ತಿದ್ದೇವೆ.