ಕುಶಾಲನಗರದಲ್ಲಿ ನಮ್ಮ ಹೆಡ್ಜ್‌ಹಾಗ್ ಗುಜ್ಜೆಗೆ ಸ್ನಾನ ಮಾಡ್ಸಿದ್ದು, 4 ಸ್ಟಾರ್

ನಾಯಿ ಬೆಕ್ಕು ಬಿಟ್ಟು ಬೇರೆ ಏನೂ ಮುಟ್ಟಲ್ಲ ಅಂತ ಎರಡು ಕಡೆ ಹೇಳಿದ್ರು. ಕುಶಾಲನಗರದ ಈ ಸಾಕುಪ್ರಾಣಿಗೆ ಸ್ನಾನ ಮಾಡ್ಸೋ ಅಂಗಡಿಯವರು ಮಾತ್ರ ಫೋನಲ್ಲೇ "ತಗೊಂಡು ಬನ್ನಿ ಅಕ್ಕ, ಆದ್ರೆ ನಾವು ಇದುವರೆಗೆ ಅದನ್ನ ಮುಟ್ಟಿಲ್ಲ, ನೀವು ಪಕ್ಕದಲ್ಲೇ ಇರ್ಬೇಕು" ಅಂದ್ರು. ಗೊತ್ತಿಲ್ಲ ಅಂತ ಮೊದಲೇ ಒಪ್ಕೊಂಡ್ರಲ್ಲ, ಅದಕ್ಕೇ ಮಡಿಕೇರಿಯಿಂದ ಅಷ್ಟು ದೂರ ಹೊರಟೆ.

ನಮ್ಮದು ಆಫ್ರಿಕನ್ ಪಿಗ್ಮಿ ಹೆಡ್ಜ್‌ಹಾಗ್, ಮೈಮೇಲೆ ಮುಳ್ಳಿರೋ ಪುಟ್ಟ ಪ್ರಾಣಿ, ಗಂಡು, 410 ಗ್ರಾಂ. ಎಳೆ ಹಲಸಿನಕಾಯಿ ಥರಾನೇ ಇದಾನೆ ಅಂತ ಅಮ್ಮ ಗುಜ್ಜೆ ಅಂತ ಹೆಸರಿಟ್ರು. ನೋಡಿದವರೆಲ್ಲ ತೋಟದಲ್ಲಿ ಸಿಕ್ಕಿದ ಮುಳ್ಳುಹಂದಿ ಮರಿಯಾ ಅಂತ ಕೇಳ್ತಾರೆ. ಅಲ್ಲ, ಮುಳ್ಳುಹಂದಿ ಇಲಿ ಅಳಿಲಿನ ಗುಂಪಿನದ್ದು, ಇವನು ಹುಳ ಹುಪ್ಪಟೆ ತಿನ್ನೋ ಬೇರೆ ಪ್ರಾಣಿ. ನಮ್ಮ ಕಾಡಿನ ಮುಳ್ಳುಹಂದಿನ ಹಿಡಿದು ಸಾಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ದಯವಿಟ್ಟು ಆ ಆಸೆ ಬೇಡ.

ಇವನಿಗೆ ಸ್ನಾನ ಯಾಕೆ ಬೇಕು ಅಂದ್ರೆ, ರಾತ್ರಿಯಿಡೀ ಗೂಡೊಳಗಿನ ಆಟದ ಚಕ್ರದಲ್ಲಿ ಓಡ್ತಾನೆ, ಓಡ್ತಾ ಓಡ್ತಾನೇ ಕಕ್ಕ ಮಾಡ್ತಾನೆ, ಅದನ್ನೇ ತುಳೀತಾನೆ, ಬೆಳಿಗ್ಗೆ ನೋಡಿದ್ರೆ ನಾಲ್ಕು ಕಾಲಿಗೂ ಒಣಗಿ ಅಂಟ್ಕೊಂಡಿರುತ್ತೆ. ಕಾಲು ಮಾತ್ರ ತೊಳೆದ್ರೆ ಎಷ್ಟೋ ಸಲ ಸಾಕಾಗುತ್ತೆ, ಪೂರ್ತಿ ಸ್ನಾನ ತಿಂಗಳಿಗೊಂದಕ್ಕಿಂತ ಜಾಸ್ತಿ ಬೇಡ, ಚರ್ಮ ಒಣಗಿ ಹೊಟ್ಟು ಉದುರುತ್ತೆ.

ಜುಲೈನಲ್ಲಿ ಮನೇಲೇ ಮಾಡ್ಸಿ ಒಂದ್ಸಲ ಜೀವ ಬಾಯಿಗೆ ಬಂದಿತ್ತು. ಇವಕ್ಕೆ ಇರೋ ಜಾಗ 24ರಿಂದ 27 ಡಿಗ್ರಿ ಬೆಚ್ಚಗಿರ್ಬೇಕು, ಮಡಿಕೇರಿ ಮಳೇಲಿ ನಮ್ಮನೆ ಒಳಗೇ 18. ಹಂಡೆಯಿಂದ ಬಿಸಿನೀರು ತಂದು ಚೆನ್ನಾಗೇ ತೊಳೆದೆ, ಒರೆಸೋ ಹೊತ್ತಿಗೆ ಕರೆಂಟ್ ಹೋಯ್ತು, ಹೀಟರ್ ಆಫ್, ಗಾಳಿಗೆ ಲೈನ್ ಮೇಲೆ ಮರ ಬಿದ್ದಿದೆ ಅಂದ್ರು. ಅರ್ಧ ಗಂಟೇಲಿ ಅವನ ಹೊಟ್ಟೆ ಮುಟ್ಟಿದ್ರೆ ತಣ್ಣಗೆ, ನಡೆಯೋವಾಗ ತೂರಾಡ್ತಿದ್ದಾನೆ. ಚಳಿ ಜಾಸ್ತಿ ಆದ್ರೆ ಇವು ಚಳಿಗಾಲದ ನಿದ್ದೆಗೆ ಜಾರೋಕೆ ನೋಡ್ತಾವೆ, ಆದ್ರೆ ಸಾಕಿದ ಈ ಜಾತಿಗೆ ಅದು ಆಗಿಬರಲ್ಲ, ಪ್ರಾಣಾನೇ ಹೋಗ್ಬಹುದು. ಸ್ವೆಟರ್ ಒಳಗೆ ನನ್ನ ಹೊಟ್ಟೆಗೆ ಒತ್ತಿ ಹಿಡ್ಕೊಂಡು, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ಎರಡು ಗಂಟೆ ಕೂತಿದ್ದೆ. ಮುಳ್ಳು ಚುಚ್ಚಿದ್ದೇ ಗೊತ್ತಾಗ್ಲಿಲ್ಲ. ಕೊನೆಗೆ ಮೂಗು ಆಡ್ಸಿದ. ಕುಶಾಲನಗರ ನಮ್ಮೂರಿಗಿಂತ ತಗ್ಗಲ್ಲಿದೆ, ಮಳೆ ಕಮ್ಮಿ, ಬೆಚ್ಚಗಿರುತ್ತೆ, ಅಂಗಡಿಗೆ ಜನರೇಟರ್ ಬೇರೆ ಇದೆ, ಮೊದಲು ನಾನು ಕೇಳಿದ್ದೂ ಅದನ್ನೇ.

ಹೋದ ತಕ್ಷಣ ರೂಮ್ ಬಾಗಿಲು ಹಾಕಿ ಹೀಟರ್ ಹಚ್ಚಿದ್ರು, ಆಮೇಲೇ ನೀರು ಮುಟ್ಟಿದ್ದು. ಟಬ್ಬಲ್ಲಿ ಎರಡೇ ಬೆರಳು ನೀರು, ಮೊಣಕೈ ಅದ್ದಿ ನೋಡಿ ಬಿಟ್ರು, ಜಾರ್ಬಾರ್ದು ಅಂತ ಕೆಳಗೆ ಟವೆಲ್ ಹಾಸಿದ್ರು. ಗುಜ್ಜೆ ಉಂಡೆ ಆಗಿ ಬುಸ್ ಬುಸ್ ಅಂತಿದ್ದ, ಸ್ನಾನ ಮಾಡ್ಸೋ ಅಂಗಡಿ ಹುಡುಗ ಬಿಡಿಸೋಕೆ ಹೋಗ್ಲೇ ಇಲ್ಲ, ಸುಮ್ನೆ ಬೆನ್ನ ಮೇಲೆ ಕೈಯಲ್ಲಿ ನೀರು ಬಿಡ್ತಾ ಕೂತ, ಸ್ವಲ್ಪ ಹೊತ್ತಿಗೆ ಮೂತಿ ಬಂತು, ಆಮೇಲೆ ಒಂದೊಂದೇ ಕಾಲು. ಅವರ ನಾಯಿ ಶ್ಯಾಂಪೂ ಘಮಘಮ ಅಂತಿತ್ತು, ಬೇಡ ಅಂದೆ, ವಾಸನೆ ಇಲ್ಲದ ಓಟ್ಸ್ ಸೋಪು ನಾನೇ ತಗೊಂಡು ಹೋಗಿದ್ದೆ, ಬೇಜಾರಿಲ್ದೆ ಅದನ್ನೇ ಹಾಕಿದ್ರು. ಮಕ್ಕಳ ಮೆತ್ತನೆ ಟೂತ್ ಬ್ರಷ್ಷಲ್ಲಿ ತಲೆಯಿಂದ ಬಾಲದ ಕಡೆಗೆ, ಮುಳ್ಳು ಮಲಗೋ ದಿಕ್ಕಲ್ಲೇ ಉಜ್ಜಿದ್ರು. ಮುಖಕ್ಕೆ ಕಿವಿಗೆ ನೀರು ತಾಗಿಸಲಿಲ್ಲ.

ಕಾಲು ನೀರಲ್ಲಿ ಚಾಚಿರುವಾಗ್ಲೇ ಉಗುರು ಕಟ್ ಮಾಡಿದ್ರು, ಒಣಗಿದ್ಮೇಲೆ ಇವನು ಕಾಲೇ ಕೊಡಲ್ಲ. ಮುಂದಿನ ಕಾಲಲ್ಲಿ ಐದೈದು, ಹಿಂದೆ ನಾಲ್ಕ್ನಾಲ್ಕು, ಒಟ್ಟು 18 ಉಗುರು, ಒಂದೊಂದು ಅಕ್ಕಿ ನುಚ್ಚಿನಷ್ಟು. ಒಳಗೆ ಗುಲಾಬಿ ಗೆರೆ ಕಾಣುತ್ತಲ್ಲ, ಅದಕ್ಕೆ ತಾಗಿದ್ರೆ ರಕ್ತ, ಹಾಗಾಗಿ ತುದಿ ಮಾತ್ರ. ಹಿಂದಿನ ಎಡಗಾಲಿಗೆ ಬಂದಾಗ ಹುಡುಗ ತಟ್ಟನೆ ಕೈ ನಿಲ್ಲಿಸಿ "ಅಕ್ಕ, ಇಲ್ಲಿ ನೋಡಿ" ಅಂದ. ಒಂದು ಬೆರಳಿನ ಬುಡಕ್ಕೆ ನೀಲಿ ನೂಲು ಎರಡು ಸುತ್ತು ಸುತ್ಕೊಂಡಿದೆ, ಬೆರಳು ಕೆಂಪಗೆ ಊದಿದೆ. ಅವನ ಹಾಸಿಗೆ ಬಟ್ಟೆದೇ ನೂಲು, ನಾನೇ ಹೊಲಿದಿದ್ದು, ಅಂಚು ಮಡಚಿರ್ಲಿಲ್ಲ. ಇನ್ನೊಂದು ವಾರ ಬಿಟ್ಟಿದ್ರೆ ಬೆರಳೇ ಸತ್ತು ಹೋಗ್ತಿತ್ತೋ ಏನೋ. ಸಣ್ಣ ಕತ್ತರಿ ತುದಿಯಿಂದ ನೂಲು ಎತ್ತಿ ತುಂಡು ಮಾಡಿದ್ರು, ಒಂದು ಹನಿ ರಕ್ತ ಬರ್ಲಿಲ್ಲ, ಆಮೇಲೆ ಡಾಕ್ಟರಿಗೂ ತೋರ್ಸಿ ಅಂತ ಅವರೇ ಹೇಳಿದ್ರು. ಹೆಡ್ಜ್‌ಹಾಗ್ ಸಾಕೋರು ಇವತ್ತೇ ಒಂದೊಂದು ಬೆರಳೂ ನೋಡಿ.

ಒಂದು ಸ್ಟಾರ್ ಕಟ್ ಮಾಡಿದ್ದು ಗಲಾಟೆಗೆ. ಪಕ್ಕದ ರೂಮಲ್ಲಿ ಲ್ಯಾಬ್ರಡಾರ್‌ಗೆ ಬ್ಲೋವರ್ ಹಾಕಿದಾಗೆಲ್ಲ ಇವನು ಮತ್ತೆ ಉಂಡೆ. ನಮಗೂ ಅದೇ ಬ್ಲೋವರ್ ತಂದ್ರು, ಬೇಡ ಅಂದ ತಕ್ಷಣ ವಾಪಸ್ ಇಟ್ರು ಅನ್ನಿ, ಬೆಚ್ಚಗಿನ ಟವೆಲ್ ಮೂರು ಬದಲಾಯಿಸಿ ಹೊಟ್ಟೆ ಅಡಿವರೆಗೂ ಒಣಗಿಸಿದ್ರು. ಇನ್ನೊಂದು, ಮುಳ್ಳಿಗೆ ಒಳ್ಳೇದು ಅಂತ ಟೀ ಟ್ರೀ ಎಣ್ಣೆ ಇರೋ ಸ್ಪ್ರೇ ತೋರ್ಸಿದ್ರು, ಸಣ್ಣ ಪ್ರಾಣಿಗಳಿಗೆ ಅದು ವಿಷ, ಹೇಳಿದ್ಮೇಲೆ ಬಾಟಲಿ ತಿರುಗಿಸಿ ಓದಿ ಒಳಗೆ ಇಟ್ರು.

350 ರೂಪಾಯಿ ಆಯ್ತು, ಉಗುರು ಸೇರಿ. ಫೋನ್ ಮಾಡಿ, ಟವೆಲ್ ಸೋಪು ನಿಮ್ಮದೇ ತಗೊಂಡು ಹೋಗಿ, ವಾಪಸ್ ಬರುವಾಗ ಬಿಸಿನೀರಿನ ಬಾಟಲಿ ಡಬ್ಬಿ ಪಕ್ಕ ಇರ್ಲಿ, ಮಡಿಕೇರಿ ದಾರೀಲಿ ಸುಂಟಿಕೊಪ್ಪ ದಾಟಿದ್ರೆ ಚಳಿ ಶುರು. ಹಗಲು ಇವನು ಮಲಗೋ ಹೊತ್ತು, ಸಂಜೆ ನಾಯಿಗಳೆಲ್ಲ ಹೋದ್ಮೇಲೆ ಟೈಮ್ ಕೊಡ್ತೀರಾ ಅಂತ ಕೇಳಿದೆ, ಮುಂದಿನ ತಿಂಗಳು 6 ಗಂಟೆಗೆ ಬನ್ನಿ ಅಂದಿದ್ದಾರೆ.