ಗೇರ್‌ಬಾಕ್ಸ್ ಇಳಿಸುವ ಮುನ್ನ ಆ ಮೂರು ವೈರ್ ನೋಡಿ

ಅಮೆರಿಕದಲ್ಲಿ ಟ್ರೈಲರ್ ಎಳೆಯಲೆಂದು ಹಳೆಯ ಡೀಸೆಲ್ ಪಿಕಪ್ ಇಟ್ಟುಕೊಂಡವರು, ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಿ. ಗಾಡಿ 1997ರ ಡಾಡ್ಜ್ ರಾಮ್ 2500. ಕಮಿನ್ಸ್ 5.9 ಲೀಟರಿನ 12 ವಾಲ್ವ್ ಎಂಜಿನ್, 47ಆರ್‌ಇ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಗಂಟೆಗೆ 45–50 ಮೈಲಿಯಲ್ಲಿ ಕಾಲು ಅಲುಗಿಸದೆ ಓಡಿಸಿದರೂ ಆರ್‌ಪಿಎಂ ಮುಳ್ಳು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ವರ್ಕ್‌ಶಾಪಿನವರು ಒಂದು ಸುತ್ತು ಓಡಿಸಿ, ಟಾರ್ಕ್ ಕನ್ವರ್ಟರ್ (ಆಯಿಲ್ ಮೂಲಕ ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಹೋಗಿದೆ ಎಂದು ಗೇರ್‌ಬಾಕ್ಸ್ ಇಳಿಸಿದರು. ಓವರ್‌ಹಾಲ್ ಆಯಿತು, ಹೊಸ ಕನ್ವರ್ಟರ್ ಕೂತಿತು, ಸಾವಿರಾರು ಡಾಲರ್ ಕೈಬಿಟ್ಟಿತು. ಮನೆಗೆ ಮರಳುವ ದಾರಿಯಲ್ಲೇ ಅದೇ ತೂಗಾಟ. ಕೆಟ್ಟಿದ್ದದ್ದು ಪೆಡಲ್ ಎಷ್ಟು ಒತ್ತಿದೆ ಎಂದು ತಿಳಿಸುವ ಥ್ರಾಟಲ್ ಪೊಸಿಷನ್ ಸೆನ್ಸರ್, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಭಾಗ.

ಯಾರಿಗೂ ಅದರ ಮೇಲೆ ಅನುಮಾನ ಬರದಿರುವುದಕ್ಕೆ ಕಾರಣವಿದೆ. ಈ 12 ವಾಲ್ವ್ ಎಂಜಿನ್ನಿನ ಇಂಜೆಕ್ಷನ್ ಪಂಪ್ ಪೂರ್ತಿ ಮೆಕ್ಯಾನಿಕಲ್. ಡೀಸೆಲ್ ಎಷ್ಟು ಹೋಗಬೇಕೆಂಬುದನ್ನು ಸೆನ್ಸರ್ ನಿರ್ಧರಿಸುವುದಿಲ್ಲ. ಅದು ಸತ್ತರೂ ಎಂಜಿನ್ ಸೊಗಸಾಗಿ ಸ್ಟಾರ್ಟ್ ಆಗುತ್ತದೆ, ಸೊಗಸಾಗಿ ಎಳೆಯುತ್ತದೆ. ಸೆನ್ಸರಿನ ಮಾತು ಕೇಳುವುದು ಮುಖ್ಯವಾಗಿ ಗೇರ್‌ಬಾಕ್ಸ್ ನೋಡಿಕೊಳ್ಳುವ ಕಂಪ್ಯೂಟರ್. ಓವರ್‌ಡ್ರೈವ್ (ನಾಲ್ಕನೇ ಗೇರ್) ಯಾವಾಗ ಹಾಕಬೇಕು, ಕನ್ವರ್ಟರ್ ಯಾವಾಗ ಲಾಕ್ ಆಗಬೇಕು (ಜಾರದೆ ಎಂಜಿನ್ನಿಗೆ ನೇರ ಜೋಡಿಯಾಗಬೇಕು) ಎಂಬುದಕ್ಕೆ ಅದಕ್ಕೆ ಈ ವೋಲ್ಟೇಜೂ ಬೇಕು. ಹೆದ್ದಾರಿಯಲ್ಲಿ ಪೆಡಲ್ ವರ್ಷಗಟ್ಟಲೆ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಂತಿರುವುದರಿಂದ ಸೆನ್ಸರಿನೊಳಗಿನ ಪಟ್ಟಿ ಅಲ್ಲೇ ಸವೆಯುತ್ತದೆ. ಸವೆದ ಜಾಗದಲ್ಲಿ ವೋಲ್ಟೇಜ್ ಕ್ಷಣಮಾತ್ರ ಕುಸಿದರೂ ಕಂಪ್ಯೂಟರಿಗೆ ಡ್ರೈವರ್ ಕಾಲು ತೆಗೆದಂತೆ ಕಾಣುತ್ತದೆ. ಲಾಕ್ ಬಿಡಿಸುತ್ತದೆ, ಮರುಕ್ಷಣ ಮತ್ತೆ ಹಾಕುತ್ತದೆ. ಊರಿನ ಲಾರಿ ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಕೇಳಿದರೆ ಇದು ಸಿಗುವುದು ಕಷ್ಟ. ಅಲ್ಲಿನ ಲಾರಿಗಳು ಹೆಚ್ಚಾಗಿ ಕ್ಲಚ್ ತುಳಿದು ಗೇರ್ ಹಾಕುವಂಥವು.

ಮೊದಲು ಆರ್‌ಪಿಎಂ ಮುಳ್ಳು ಎಷ್ಟು ಬೀಳುತ್ತದೆ ಎಂದು ನೋಡಿ. ಸುಮಾರು 200–300 ಆರ್‌ಪಿಎಂ ಆದರೆ ಕನ್ವರ್ಟರ್ ಲಾಕ್. 2000ದಲ್ಲಿದ್ದದ್ದು 600ರಷ್ಟು ಬಿದ್ದರೆ ಓವರ್‌ಡ್ರೈವ್, ಏಕೆಂದರೆ ಮೂರನೇ ಗೇರಿನ ಅನುಪಾತ 1.00, ನಾಲ್ಕನೆಯದು 0.69. ಇವೆರಡರಲ್ಲಿ ತೊಂದರೆ ಇದ್ದರೆ ಸೆನ್ಸರ್ ಕಡೆ ಹೋಗಿ. ಒಂದರಿಂದ ಎರಡು, ಎರಡರಿಂದ ಮೂರು ತಡವಾಗಿ ಅಥವಾ ಕುಲುಕಿ ಬೀಳುತ್ತಿದ್ದರೆ ಸೆನ್ಸರ್ ಬಿಟ್ಟು ಥ್ರಾಟಲ್ ವಾಲ್ವ್ ಕೇಬಲ್, ಗವರ್ನರ್ ಪ್ರೆಶರ್ ಸೊಲೆನಾಯ್ಡ್ (ಗೇರ್‌ಬಾಕ್ಸಿನ ಆಯಿಲ್ ಒತ್ತಡ ಹೊಂದಿಸುವ ಭಾಗಗಳು) ನೋಡಿ.

ಸೆನ್ಸರಿಗೆ ಮೂರು ವೈರ್: 5 ವೋಲ್ಟ್ ಸಪ್ಲೈ, ಸಿಗ್ನಲ್, ಅರ್ಥ್. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ. ಕನೆಕ್ಟರ್ ಕಳಚಬೇಡಿ, ವೈರಿನ ಇನ್ಸುಲೇಷನ್‌ಗೆ ತೂತೂ ಹಾಕಬೇಡಿ. ಕನೆಕ್ಟರಿನ ಹಿಂದಿನಿಂದ ತೆಳು ಪಿನ್ ತೂರಿಸಿ ಸಿಗ್ನಲ್ ಅಳೆಯಿರಿ. ಮುಳ್ಳಿನ ಹಳೆಯ ಮೀಟರ್ ಸಿಕ್ಕರೆ ಅದೇ ಒಳ್ಳೆಯದು. ಡಿಜಿಟಲ್ ಮೀಟರ್ ಓದಿ ತೋರಿಸುವಷ್ಟರಲ್ಲಿ ಕುಸಿತ ಮುಗಿದುಹೋಗಿರುತ್ತದೆ. ಇನ್ನೊಬ್ಬರು ಪೆಡಲನ್ನು ತಳದವರೆಗೆ ಹತ್ತು ಸೆಕೆಂಡ್ ತೆಗೆದುಕೊಂಡು ಒತ್ತಲಿ. ಮೀಟರಿನ ಮುಳ್ಳು ಎಲ್ಲೂ ಅದುರದೆ ಏರಬೇಕು. ಪೆಡಲಿನ ಮೊದಲ ಕಾಲುಭಾಗದಲ್ಲಿ ಎರಡು ಮೂರು ಸಲ ಹಿಂದುಮುಂದು ಮಾಡಿಸಿ. ಸವೆತ ಇರುವುದು ಬಹುಪಾಲು ಅಲ್ಲೇ. ಕಂಪ್ಯೂಟರಿನಲ್ಲಿ ದೋಷದ ಕೋಡ್ ಬರಲಿಲ್ಲವೆಂದು ಸೆನ್ಸರ್ ಚೆನ್ನಾಗಿದೆ ಎಂದುಕೊಳ್ಳಬೇಡಿ. ಪಿ0122, ಪಿ0123 ಬರುವುದು ವೋಲ್ಟೇಜ್ ಮಿತಿ ದಾಟಿದಾಗ; ಕ್ಷಣದ ಕುಸಿತಕ್ಕೆ ಏನೂ ದಾಖಲಾಗದೆ ಇರಬಹುದು.

ಮುಳ್ಳು ಅದುರಲೇ ಇಲ್ಲವೆ? ಹಾಗಿದ್ದರೆ ಸೆನ್ಸರ್ ಕೊಳ್ಳಬೇಡಿ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ನೋಡಿ. ಎಸಿ ಕರೆಂಟನ್ನು ಡಿಸಿಗೆ ಬದಲಿಸುವ ಒಳಗಿನ ಡಯೋಡ್ ಕೆಟ್ಟರೆ ಎಸಿ ಕರೆಂಟ್ ಸೋರಿ ಸೆನ್ಸರ್ ಸಿಗ್ನಲ್ಲಿಗೆ ಬೆರೆಯುತ್ತದೆ, ಲಕ್ಷಣ ತದ್ರೂಪು. ಎಂಜಿನ್ ಓಡುತ್ತಿರುವಾಗ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಎರಡು ಕಂಬಗಳ ನಡುವೆ ಹಿಡಿಯಿರಿ. 0.1 ವೋಲ್ಟಿಗಿಂತ ಹೆಚ್ಚಿದ್ದರೆ ಅನುಮಾನಿಸಿ. ಖಾತ್ರಿಗೆ ಎಂಜಿನ್ ಆಫ್ ಮಾಡಿ, ಆಲ್ಟರ್ನೇಟರಿನ ಸಣ್ಣ ಫೀಲ್ಡ್ ಕನೆಕ್ಟರ್ ಕಳಚಿ, ಹಗಲಿನಲ್ಲಿ ನಾಲ್ಕೈದು ಮೈಲಿ ಓಡಿಸಿ. ತೂಗಾಟ ನಿಂತರೆ ಕಳ್ಳ ಸಿಕ್ಕ. ಈ ಗಾಡಿಗೆ ಬ್ಯಾಟರಿ ಎರಡು. ಎರಡರ ನೆಗೆಟಿವ್ ಕ್ಲಾಂಪನ್ನೂ ಉಜ್ಜಿ ಬಿಗಿ ಮಾಡಿ. ವೈರಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಗೆದ್ದೆವೆನ್ನುವವರಿದ್ದಾರೆ. ಡಯೋಡ್ ಕೆಟ್ಟಿದ್ದಾಗ ಅದು ರೋಗ ಮುಚ್ಚುತ್ತದೆ ಅಷ್ಟೆ.

1998ರ ನಡುವಿನಿಂದ 2002ರವರೆಗಿನ 24 ವಾಲ್ವ್ ಗಾಡಿಯಲ್ಲಿ ಲೆಕ್ಕ ಬೇರೆ. ಅಲ್ಲಿ ಪೆಡಲ್ ಸೆನ್ಸರನ್ನು ಎಂಜಿನ್ನೇ ಕೇಳುತ್ತದೆ, ಕೆಟ್ಟರೆ ಪೆಡಲ್ ಒತ್ತಿದರೂ ಎಂಜಿನ್ ಏರದಿರಬಹುದು. ಕಂಪನಿಯ ಸೆನ್ಸರ್ ಬ್ರಾಕೆಟ್ಟಿನೊಂದಿಗೆ ಹೊಂದಿಸಿಯೇ ಬರುತ್ತದೆ, ಐಡಲ್ ವೋಲ್ಟೇಜ್ (ಪೆಡಲ್ ಒತ್ತದಿದ್ದಾಗಿನದು) ಲೇಬಲ್ ಮೇಲೆ ಅಚ್ಚಾಗಿರುತ್ತದೆ. ಅದರ ಸ್ಕ್ರೂ ಸಡಿಲಿಸಬೇಡಿ. ಹೊಸದು ಕೂರಿಸಿದ ಮೇಲೆ ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ಪೆಡಲನ್ನು ನಿಧಾನವಾಗಿ ತಳಮುಟ್ಟಿಸಿ, ನಿಧಾನವಾಗಿ ಬಿಟ್ಟು, ಕೀ ಆಫ್ ಮಾಡಿ. ಇದನ್ನು ಮರೆತು ಹೊಸ ಸೆನ್ಸರೇ ಸರಿಯಿಲ್ಲವೆಂದು ವಾಪಸ್ ಕೊಟ್ಟು ಬರಬೇಡಿ.

ಈ ತೂಗಾಟವನ್ನು ತಿಂಗಳುಗಟ್ಟಲೆ ಸಹಿಸಿಕೊಂಡು ಓಡಿಸಿದರೆ ಕನ್ವರ್ಟರನ್ನು ಲಾಕ್ ಮಾಡುವ ಲಾಕಪ್ ಕ್ಲಚ್ ನಿಜವಾಗಿಯೂ ಸುಡುತ್ತದೆ. ಆದ್ದರಿಂದ ಗೇರ್‌ಬಾಕ್ಸಿನ ಆಯಿಲ್ ನೋಡಿ: ಎಂಜಿನ್ ಬಿಸಿಯಾಗಿ ಓಡುತ್ತಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಪಾರ್ಕ್‌ನಲ್ಲಿ ಅಳೆದರೆ ಮಟ್ಟ ತಪ್ಪು ತೋರಿಸುತ್ತದೆ. ಕೆಂಪಗೆ, ಸುಟ್ಟ ವಾಸನೆಯಿಲ್ಲದೆ ಇದ್ದರೆ ಗೇರ್‌ಬಾಕ್ಸ್ ಬಿಚ್ಚಲು ಒಪ್ಪಬೇಡಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬಿಚ್ಚಬೇಕಾಗಬಹುದು, ಆದರೆ ಆಗಲೂ ಸೆನ್ಸರ್, ಆಲ್ಟರ್ನೇಟರ್ ಎರಡರ ರೀಡಿಂಗನ್ನೂ ನಿಮ್ಮ ಕಣ್ಣೆದುರೇ ತೋರಿಸಿದ ಮೇಲಷ್ಟೇ ಕೆಲಸಕ್ಕೆ ಸಹಿ ಹಾಕಿ.