ಮಳೆಯೂರಿನ ಅಂಗಳಕ್ಕೆ ನೇರಳೆ ಹೂ: ಟಿಬುಚಿನಾನೋ, ನೆಕ್ಕರಿಕವೋ?

ತೀರ್ಥಹಳ್ಳಿ, ಹೊಸನಗರದ ಕಡೆ ವರ್ಷವಿಡೀ ಹಸಿರಾಗಿದ್ದು ನೇರಳೆ ಹೂ ಬಿಡುವ ಗಿಡ ಬೇಕೆಂದರೆ ನನ್ನ ಓಟು ಇಲ್ಲಿನದೇ ಕಾಡುಗಿಡ ನೆಕ್ಕರಿಕಕ್ಕೆ. ಹೂವಿನ ಗಾತ್ರದಲ್ಲಿ ನರ್ಸರಿಯ ಟಿಬುಚಿನಾ ಒಂದು ಕೈ ಮೇಲೆ, ನಿಜ. ಆದರೆ ಮಳೆಗಾಲ ಕಳೆದ ಮೇಲೂ ಗಿಡ ಉಳಿದಿರಬೇಕಲ್ಲ.

ಬ್ರೆಜಿಲ್ ಮೂಲದ ಟಿಬುಚಿನಾ ಸಾಯುವುದು ಮೇಲೆ ಸುರಿಯುವ ಮಳೆಗಲ್ಲ, ಬುಡದಲ್ಲಿ ನಿಂತ ನೀರಿಗೆ. ನರ್ಸರಿ ಪ್ಯಾಕೆಟ್ಟಿನಲ್ಲಿ ಹೆಚ್ಚಾಗಿ ಇರುವುದು ಜಿಗುಟು ಕೆಂಪು ಮಣ್ಣು. ಆ ಮುದ್ದೆಯನ್ನು ಹಾಗೇ ಗುಂಡಿಗೆ ಇಳಿಸಿದರೆ, ಸುತ್ತಲಿನ ಮಣ್ಣು ಬಸಿದರೂ ಮುದ್ದೆ ಮಾತ್ರ ಇಡೀ ಮಳೆಗಾಲ ನೀರು ಹಿಡಿದುಕೊಂಡಿರುತ್ತದೆ. ಗಾಳಿಯಾಡದೆ ಬೇರು ಕೊಳೆಯುತ್ತದೆ. ಮಣ್ಣು ಒದ್ದೆಯಿದ್ದೂ ಎಲೆ ಜೋಲುವುದು ಇದರ ಮೊದಲ ಗುರುತು. ಬಾಡಿದೆಯೆಂದು ಮತ್ತೆ ನೀರು ಹೊಯ್ದರೆ ಮುಗಿಯಿತು. ಬುಡವನ್ನು ಉಗುರಿನಿಂದ ಕೆರೆದು ನೋಡಿ. ತೊಗಟೆಯಡಿ ಕಂದು ಬಣ್ಣವಿದ್ದರೆ ಆ ಗಿಡದ ಆಸೆ ಬಿಟ್ಟು, ಹಸಿರಿರುವ ತುದಿಗಳನ್ನು ನಾಲ್ಕಿಂಚು ಕತ್ತರಿಸಿ ಒದ್ದೆ ಮರಳಿಗೆ ಚುಚ್ಚಿ.

ನೆಡಲೇಬೇಕೆಂದರೆ ಅಕ್ಟೋಬರ್‌ವರೆಗೆ ಕಾಯಿರಿ. ಮುದ್ದೆಯನ್ನು ಬಕೆಟ್ ನೀರಿನಲ್ಲಿ ನೆನೆಸಿ, ಹೊರಗಿನ ಜಿಗುಟನ್ನು ಬೇರು ಹರಿಯದಂತೆ ಬಿಡಿಸಿ. ಗುಂಡಿ ಬೇಡ, ಒಂದಡಿ ಎತ್ತರದ ದಿಬ್ಬ ಮಾಡಿ: ಎರಡು ಪಾಲು ಮೇಲ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಕಳಿತ ದರಗಿನ (ಒಣ ಎಲೆಯ) ಗೊಬ್ಬರ. ರೆಂಬೆ ಬಲು ಪೆಳಸು, ಗೂಟ ಕಟ್ಟದಿದ್ದರೆ ಗಾಳಿಗೆ ಸೀಳುತ್ತದೆ.

ನೆಕ್ಕರಿಕಕ್ಕೆ ಈ ಯಾವ ಉಪಚಾರವೂ ಬೇಡ. ಟಿಬುಚಿನಾದ ಕುಟುಂಬದ್ದೇ ಆದರೂ ಇದು ನಮ್ಮ ಬ್ಯಾಣ (ಹುಲ್ಲುಗಾವಲು), ಜಂಬಿಟ್ಟಿಗೆ ಧರೆಯ (ಕಡಿದಾದ ಮಣ್ಣಿನ ಬದಿ) ಹುಳಿ, ಅಂದರೆ ಆಮ್ಲೀಯ ಮಣ್ಣಿನಲ್ಲೇ ಬೆಳೆದ ಗಿಡ. ಹೂವನ್ನು ಹತ್ತಿರದಿಂದ ನೋಡಿ: ಐದೆಸಳಿನ ನಡುವೆ ಹಳದಿಯ ಗಿಡ್ಡ ಕೇಸರಗಳು, ಅವುಗಳ ಪಕ್ಕ ಕೊಕ್ಕೆಯಂತೆ ಬಾಗಿದ ನೇರಳೆ ಕೇಸರಗಳು. ಹಣ್ಣು ತಿಂದರೆ ಮಕ್ಕಳ ನಾಲಿಗೆ ಕಪ್ಪಾಗುತ್ತದೆ. ಸ್ವಂತ ಬ್ಯಾಣದಿಂದ ಗೇಣುದ್ದದ ಸಸಿಯನ್ನು ಮೊದಲ ಮಳೆ ಬಿದ್ದಾಗ ಮಣ್ಣು ಸಮೇತ ಎಬ್ಬಿಸಿ ತನ್ನಿ. ದೊಡ್ಡ ಗಿಡ ಕಿತ್ತರೆ ನಾಟುವುದು ಕಷ್ಟ. ಹಕ್ಕಿಗಳು ಬೀಜ ಹರಡುವುದರಿಂದ ಬೇಡದಲ್ಲೂ ಏಳುತ್ತದೆ, ಆಗಾಗ ಕೀಳಬೇಕು.

ಬಚ್ಚಲೊಲೆಯ ಬೂದಿಯನ್ನು ಎರಡಕ್ಕೂ ಹಾಕಬೇಡಿ. ಮಣ್ಣಿನ ಹುಳಿ ಇಳಿದು ಕಬ್ಬಿಣಾಂಶ ಬೇರಿಗೆ ದಕ್ಕದೆ, ನರ ಹಸಿರಾಗೇ ಉಳಿದು ಎಳೆಯ ಎಲೆ ಹಳದಿಯಾಗುತ್ತದೆ. ಸುಣ್ಣ ಬಳಿದ ಗೋಡೆಯ ಬುಡವೂ ಬೇಡ.

ಪರಿಮಳವೇ ಮುಖ್ಯ ಎನ್ನುವವರಿಗೆ ಬ್ರನ್‌ಫೆಲ್ಸಿಯಾ ಇದೆ. ನೇರಳೆಯಾಗಿ ಅರಳಿ ತಿಳಿಯಾಗುತ್ತಾ ಬಿಳಿಗೆ ತಿರುಗುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಮಾತ್ರ ತರಬೇಡಿ, ಅದರ ಕಾಯಿ ನಾಯಿಗೆ ವಿಷ.

ದುಡ್ಡು ಕೊಟ್ಟು ಟಿಬುಚಿನಾ ತರುವುದಾದರೆ ದೊಡ್ಡ ಕುಂಡದಲ್ಲಿಟ್ಟು ಜೋರು ಮಳೆಗೆ ಮಾಡಿನಡಿ ಸರಿಸಿ. ಅಷ್ಟು ಪುರುಸೊತ್ತಿಲ್ಲದವರು ಧರೆಯಂಚಿಗೆ ನಾಲ್ಕು ನೆಕ್ಕರಿಕ ನೆಡಿ.